ಸಹನೆಯೋ, ಹಟವೋ?

ಒಂದು ಪ್ರಶ್ನೆಯಿಂದ ಆರಂಭಿಸೋಣ. ನೀವು 1 ಲಕ್ಷ ರೂಪಾಯಿ ಕೊಟ್ಟು ಕೊಂಡ ಷೇರುಗಳ ಬೆಲೆ ಇಂದು 30 ಸಾವಿರಕ್ಕೆ ಇಳಿದಿದೆ. ಇನ್ನಾದರೂ ಮಾರಿಬಿಡಿ ಎಂದು ಮನೆಯವರು ಹೇಳುತ್ತಾರೆ. ಸಬ್ರ್ ಮಾಡಬೇಕು, ಅಲ್ಲಾಹನ ಮೇಲೆ ಭರವಸೆ ಇಡಬೇಕು ಎಂದು ನೀವು ಉತ್ತರಿಸುತ್ತೀರಿ. ಈ ಉತ್ತರ ನಿಜವಾಗಿಯೂ ವಿಶ್ವಾಸದಿಂದ ಹುಟ್ಟಿದ್ದೇ? ಅಥವಾ ನಮ್ಮ ಹಟಕ್ಕೆ ನಾವೇ ತೊಡಿಸಿದ ಧರ್ಮದ ಉಡುಪೇ?

ಇದು ಬರಿಯ ಕಲ್ಪನೆಯ ಪ್ರಶ್ನೆಯಲ್ಲ. ಮೊಬೈಲ್ ಕಂಪೆನಿಗಳ ಚರಿತ್ರೆಯನ್ನೇ ನೋಡಿ. ರಿಲಯನ್ಸ್ ಕಮ್ಯುನಿಕೇಶನ್ಸ್ ಕಂಪೆನಿಯ ಒಂದು ಷೇರಿನ ಬೆಲೆ 2008ರ ಜನವರಿಯಲ್ಲಿ 800 ರೂಪಾಯಿ ದಾಟಿತ್ತು. 2017ರ ಕೊನೆಗೆ ಅದರ ಮೊಬೈಲ್ ಸೇವೆ ನಿಂತಿತು. 2019ರಲ್ಲಿ ಕಂಪೆನಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಅಂಥ ಪ್ರಕ್ರಿಯೆಯಲ್ಲಿ ಸಾಲ ಕೊಟ್ಟವರ ಲೆಕ್ಕ ತೀರಿದ ಮೇಲೆ ಏನಾದರೂ ಉಳಿದರಷ್ಟೇ ಷೇರುದಾರನಿಗೆ ಪಾಲು.

ಐಡಿಯಾ ಸೆಲ್ಯುಲಾರ್ 2007ರಲ್ಲಿ ಸಾರ್ವಜನಿಕರಿಗೆ ಷೇರು ಮಾರಿದ್ದು 75 ರೂಪಾಯಿಯಂತೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ದರಗಳ ಪೈಪೋಟಿಯಲ್ಲಿ ಎಲ್ಲರೂ ಬಳಲಿದರು. 2018ರ ಆಗಸ್ಟ್ 31ರಂದು ಐಡಿಯಾ ಮತ್ತು ವೊಡಾಫೋನ್ ಇಂಡಿಯಾ ಒಂದಾದಾಗ ಅದು 40 ಕೋಟಿಗೂ ಹೆಚ್ಚು ಗ್ರಾಹಕರಿದ್ದ ದೈತ್ಯ ಸಂಸ್ಥೆಯಾಗಿತ್ತು. ಆದರೆ 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಸರಕಾರಕ್ಕೆ ಸಲ್ಲಬೇಕಾದ ಪಾಲನ್ನು ಲೆಕ್ಕ ಹಾಕುವಾಗ ದೂರಸಂಪರ್ಕ ಸೇವೆಯ ಆದಾಯದ ಜೊತೆ ಇತರ ಆದಾಯಗಳೂ ಸೇರಬೇಕೆಂದಾಯಿತು. ಹಳೆಯ ಬಾಕಿ, ಅದರ ಬಡ್ಡಿ, ದಂಡ ಎಲ್ಲವೂ ಒಮ್ಮೆಗೇ ತಲೆಯ ಮೇಲೆ ಬಿದ್ದವು. ಮುಂದಿನ ತಿಂಗಳು ಷೇರಿನ ಬೆಲೆ 3 ರೂಪಾಯಿಗಿಂತಲೂ ಕೆಳಗಿಳಿಯಿತು. 2023ರಲ್ಲಿ 16,133 ಕೋಟಿ ರೂಪಾಯಿ, 2025ರಲ್ಲಿ 36,950 ಕೋಟಿ ರೂಪಾಯಿ ಬಾಕಿಗೆ ಬದಲಾಗಿ ಸರಕಾರವೇ ಷೇರು ಪಡೆದು ಸುಮಾರು 49 ಶೇಕಡಾ ಒಡೆತನ ಹೊಂದಿತು. ನಡುವೆ 2024ರ ಏಪ್ರಿಲ್‌ನಲ್ಲಿ ಕಂಪೆನಿ 11 ರೂಪಾಯಿಯಂತೆ ಹೊಸ ಷೇರು ಮಾರಿ 18,000 ಕೋಟಿ ರೂಪಾಯಿ ಕೂಡಿಸಿತು. ಜೂನ್‌ನಲ್ಲಿ ಬೆಲೆ 19 ರೂಪಾಯಿ ಮುಟ್ಟಿತು. ಅದೇ ವರ್ಷ ನವೆಂಬರ್‌ನಲ್ಲಿ 7 ರೂಪಾಯಿಗಿಂತ ಕೆಳಕ್ಕೆ ಬಂತು. ಇಂಥ ಬೆಲೆ ಮತ್ತೆ ಏರಬಹುದು, ಮತ್ತೆ ಇಳಿಯಬಹುದು. ನಾಳಿನ ಬೆಲೆಯನ್ನು ಹೇಳುವುದು ಈ ಲೇಖನದ ಉದ್ದೇಶವಲ್ಲ. ಕಾಯುವವನ ಮನಸ್ಸನ್ನು ಪರೀಕ್ಷಿಸುವುದಷ್ಟೇ ನಮ್ಮ ಉದ್ದೇಶ.

ಮೂವರನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಂಡ್ಯದ ನಿವೃತ್ತ ಉಪಾಧ್ಯಾಯರೊಬ್ಬರು ಹಜ್ಜ್ ಯಾತ್ರೆಗೆಂದು ಕೂಡಿಟ್ಟ ಹಣವನ್ನು ಇಂಥ ಷೇರಿಗೆ ಹಾಕಿ, ಕೊಂಡ ಬೆಲೆ ಬರುವ ತನಕ ಮಾರುವುದಿಲ್ಲ ಎಂದು ಕುಳಿತಿದ್ದಾರೆ. ಮದ್ದೂರಿನ ಎಳನೀರು ವ್ಯಾಪಾರಿಯೊಬ್ಬರು ಬೆಲೆ ಇಳಿದಂತೆಲ್ಲ ಇನ್ನಷ್ಟು ಕೊಳ್ಳುತ್ತಾ, ಕೊನೆಗೆ ಹೆಂಡತಿಯ ಮಹರ್‌ನ ಒಡವೆಯನ್ನೇ ಗಿರವಿ ಇಟ್ಟಿದ್ದಾರೆ. ಮಳವಳ್ಳಿಯಲ್ಲಿ ರೇಷ್ಮೆಗೂಡಿನ ವ್ಯಾಪಾರ ಮಾಡುವ ಮೂರನೆಯವರು ತಮ್ಮಲ್ಲಿರುವ ಷೇರನ್ನು ನೆಂಟರಿಷ್ಟರಿಗೆಲ್ಲ ಹೊಗಳಿ ಕೊಳ್ಳಿಸುತ್ತಿದ್ದಾರೆ. ಮೂವರ ಬಾಯಲ್ಲೂ ಇರುವುದು ಸಬ್ರ್ ಎಂಬ ಒಂದೇ ಮಾತು.

ಮೊದಲನೆಯವರ ವಿಷಯ ನೋಡೋಣ. ಷೇರೆಂದರೆ ಒಂದು ಉದ್ಯಮದಲ್ಲಿ ಪಾಲುಗಾರಿಕೆ. ಇದು ಮಂಡ್ಯದವರಿಗೆ ಹೊಸತಲ್ಲ. ಸರ್ ಮಿರ್ಜಾ ಇಸ್ಮಾಯಿಲರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, 1933ರಲ್ಲಿ, ಹುಟ್ಟಿದ ಮೈಸೂರು ಸಕ್ಕರೆ ಕಂಪೆನಿಯಲ್ಲಿ ಸರಕಾರದೊಂದಿಗೆ ರೈತರೂ ಷೇರುದಾರರು. ಮೈಷುಗರ್ ಏಳುವುದನ್ನೂ ಬೀಳುವುದನ್ನೂ ಈ ಊರು ಕಂಡಿದೆ. ಹಲವು ಹಂಗಾಮು ಗಾಣ ನಿಂತು, 2022ರಲ್ಲಿ ಮತ್ತೆ ತಿರುಗಿತು. ಆ ನಿಂತ ವರ್ಷಗಳಲ್ಲಿ ಬೆಳೆದು ನಿಂತ ಕಬ್ಬನ್ನು ರೈತ ಏನು ಮಾಡಬೇಕು? ಕಾರ್ಖಾನೆ ತೆರೆಯುವ ತನಕ ಗದ್ದೆಯಲ್ಲೇ ಇಟ್ಟರೆ ಕಬ್ಬು ಒಣಗುತ್ತದೆ, ಸಿಹಿ ಇಳಿಯುತ್ತದೆ. ಆದ್ದರಿಂದ ಸಿಕ್ಕಿದ ದರಕ್ಕೆ ಆಲೆಮನೆಗೋ ಬೇರೆ ಕಾರ್ಖಾನೆಗೋ ಸಾಗಿಸುವುದೇ ವಿವೇಕ. ಹಾಗೆ ಮಾಡಿದವನಿಗೆ ಸಬ್ರ್ ಇಲ್ಲವೆಂದು ಯಾರಾದರೂ ದೂರುತ್ತಾರೆಯೇ? ಇಲ್ಲ. ಬಂದ ನಷ್ಟವನ್ನು ಗೊಣಗದೆ ನುಂಗಿಕೊಂಡು, ಉಳಿದದ್ದನ್ನು ಉಳಿಸಿಕೊಂಡು, ಮರುದಿನ ಮತ್ತೆ ನೇಗಿಲು ಹಿಡಿದನಲ್ಲ, ಅದೇ ಅವನ ಸಬ್ರ್.

ನಮ್ಮ ಕೈಮೀರಿದ ಸಂಕಟವನ್ನು ತಾಳಿಕೊಳ್ಳುವುದು ಸಹನೆ. ಕೈಯಲ್ಲಿರುವ ನಿರ್ಧಾರವನ್ನು ಮುಂದೂಡುವುದಕ್ಕೆ ಆ ಹೆಸರು ಸಲ್ಲದು. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿಲ್ಲವೇ? ಹಾಗೆಂದು ಕಾಯುವುದೆಲ್ಲ ತಪ್ಪೆಂದಲ್ಲ. ಕಂಪೆನಿಯ ಸಾಲವೆಷ್ಟು, ಗ್ರಾಹಕರು ಹೆಚ್ಚುತ್ತಿದ್ದಾರೋ ಕಡಿಮೆಯಾಗುತ್ತಿದ್ದಾರೋ, ಬಾಕಿ ತೀರಿಸುವ ದಾರಿ ಯಾವುದು ಎಂದು ವಿಚಾರಿಸಿ, ತಿಳಿದು, ತನ್ನದೇ ಹಣದಲ್ಲಿ ಕಾಯುವವನು ಪಾಲುಗಾರ. ಏನನ್ನೂ ವಿಚಾರಿಸದೆ, ಕೊಂಡ ಬೆಲೆಯೊಂದನ್ನೇ ಜಪಿಸುತ್ತಾ ಕುಳಿತವನು ಜೂಜಿನ ಅಂಗಳಕ್ಕೆ ಬಹಳ ಹತ್ತಿರದಲ್ಲಿದ್ದಾನೆ. ನೀವು ಯಾವ ಕಡೆ ಇದ್ದೀರೆಂದು ತಿಳಿಯಬೇಕೇ? ಆ 30 ಸಾವಿರ ಇಂದು ನಗದಾಗಿ ಕೈಯಲ್ಲಿದ್ದರೆ ಇದೇ ಷೇರನ್ನು ಕೊಳ್ಳುತ್ತಿದ್ದಿರಾ? ಇಲ್ಲವೆಂದಾದರೆ, ಈಗ ಹಿಡಿದಿಟ್ಟುಕೊಂಡಿರುವುದು ಷೇರನ್ನಲ್ಲ, ನಾನು ತಪ್ಪಿಲ್ಲ ಎಂಬ ಅಹಂಕಾರವನ್ನು.

ಝಕಾತ್‌ನ ಲೆಕ್ಕವೂ ಇಲ್ಲಿ ಒಂದು ಪಾಠ ಹೇಳುತ್ತದೆ. ಮಾರಾಟಕ್ಕೆಂದು ಇಟ್ಟ ಸರಕಿಗೆ ಝಕಾತ್ ಕೊಡುವಾಗ ಅಂದಿನ ಮಾರುಕಟ್ಟೆಯ ಬೆಲೆಯನ್ನು ಹಿಡಿಯುತ್ತೇವೆ, ಕೊಂಡ ಬೆಲೆಯನ್ನಲ್ಲ. ಬಡವನ ಹಕ್ಕನ್ನು ಲೆಕ್ಕ ಹಾಕುವಾಗ ಷೇರಿಗೆ 30 ಸಾವಿರ, ಹೆಂಡತಿ ಮಕ್ಕಳ ಮುಂದೆ ಅದೇ ಷೇರಿಗೆ 1 ಲಕ್ಷ! ಒಂದೇ ವಸ್ತುವಿಗೆ ಎರಡು ಬೆಲೆ ಕಟ್ಟುವವನು ಯಾರನ್ನು ವಂಚಿಸುತ್ತಿದ್ದಾನೆ?

ಎರಡನೆಯವರ ತಪ್ಪು ಇನ್ನೂ ಗಂಭೀರ. ಮಹರ್ ಹೆಂಡತಿಯ ಸ್ವಂತ ಸೊತ್ತು. ಅವಳು ಮನಃಪೂರ್ವಕವಾಗಿ ಒಪ್ಪದೆ ಅದನ್ನು ಮುಟ್ಟುವ ಹಕ್ಕು ಗಂಡನಿಗಿಲ್ಲ. 'ನಿಮ್ಮಿಷ್ಟ' ಎಂದು ಆಕೆ ತಲೆ ತಗ್ಗಿಸಿದ್ದನ್ನು ಒಪ್ಪಿಗೆಯೆಂದು ಎಣಿಸಬಹುದೇ? ಒಡವೆ ಗಿರವಿ ಇಟ್ಟು ಬಡ್ಡಿಯ ಸಾಲ ಎತ್ತಿ, ಸಾಲದಲ್ಲಿ ಮುಳುಗಿದ ಕಂಪೆನಿಯ ಷೇರು ಕೊಳ್ಳುವುದೆಂದರೆ ಎರಡು ಕಡೆಯಿಂದ ಬಡ್ಡಿಯನ್ನು ಮನೆಗೆ ಕರೆತಂದಂತೆ. ಬಡ್ಡಿಯ ಸಾಲ ಮಿತಿಮೀರಿದ ಕಂಪೆನಿಗಳ ಷೇರುಗಳಿಂದ ದೂರವಿರಬೇಕೆಂದು ಇಂದಿನ ಅನೇಕ ವಿದ್ವಾಂಸರು ಎಚ್ಚರಿಸಿದ್ದಾರೆ. ಆ ವಿಚಾರಣೆ ಕೊಳ್ಳುವ ಮೊದಲೇ ನಡೆಯಬೇಕಿತ್ತು.

ಇನ್ನು ಮೂರನೆಯವರು. ಮದೀನಾದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿದ ಘಟನೆ ನಿಮಗೆ ತಿಳಿದೇ ಇದೆ. ಮಳೆಗೆ ನೆನೆದದ್ದು ಮಾರುವವನ ತಪ್ಪಾಗಿರಲಿಲ್ಲ. ನೆನೆದದ್ದನ್ನು ಅಡಿಗೆ ಹಾಕಿ ಒಣಗಿದ್ದನ್ನು ಮೇಲಿಟ್ಟದ್ದು ತಪ್ಪಾಗಿತ್ತು. ಹಾಗಾದರೆ ಬೀಳುತ್ತಿರುವ ಷೇರನ್ನು ಮಾರುವುದೇ ವಂಚನೆಯಲ್ಲವೇ, ನನ್ನ ನಷ್ಟವನ್ನು ಇನ್ನೊಬ್ಬನ ತಲೆಗೆ ಕಟ್ಟಿದಂತಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಷೇರುಪೇಟೆಯಲ್ಲಿ ಕಂಪೆನಿಯ ಸಾಲ, ನಷ್ಟ, ಮೊಕದ್ದಮೆ ಎಲ್ಲವೂ ಬಹಿರಂಗ. ರಾಶಿಯ ಮೇಲೂ ಅಡಿಯೂ ಕೊಳ್ಳುವವನ ಕಣ್ಣ ಮುಂದೆಯೇ ಇದೆ. ಅಲ್ಲಿ ಸುಮ್ಮನೆ ಮಾರಿ ಹೊರಬರುವವನು ಏನನ್ನೂ ಮುಚ್ಚಿಡುವುದಿಲ್ಲ. ಆದರೆ ಮಸೀದಿಯ ಅಂಗಳದಲ್ಲಿ, ಮದುವೆಮನೆಯಲ್ಲಿ, ಸಾಲದ ಮಾತನ್ನು ಅಡಗಿಸಿ ಲಾಭದ ಮಾತನ್ನಷ್ಟೇ ಆಡುವವನು ಒಣ ಧಾನ್ಯವನ್ನು ಮೇಲಿಡುತ್ತಿದ್ದಾನೆ. ಕೇಳುವ ತಮ್ಮನೋ ಅಳಿಯನೋ ಲೆಕ್ಕಪತ್ರ ಓದುವುದಿಲ್ಲ, ಇವರ ಗಡ್ಡವನ್ನೂ ನಮಾಝನ್ನೂ ನೋಡಿ ನಂಬುತ್ತಾನೆ. ಕಳಪೆ ಗೂಡನ್ನು ಅಡಿಯಲ್ಲಿ ಬಚ್ಚಿಟ್ಟು ಎಂದೂ ಮಾರದ ಆ ವ್ಯಾಪಾರಿಗೆ ಇದು ಏಕೆ ಹೊಳೆಯಲಿಲ್ಲ? ಒಬ್ಬನೇ ಮುಳುಗುವ ಭಯದಲ್ಲಿ ಮನುಷ್ಯ ಜೊತೆಗಾರರನ್ನು ಹುಡುಕುತ್ತಾನೆ.

ಓದುಗ ಸಹೋದರ ಸಹೋದರಿಯರೇ, ನಿಮ್ಮ ಮನೆಯಲ್ಲೂ ಇಂಥ ಷೇರುಗಳಿದ್ದರೆ ಇಂದು ರಾತ್ರಿ ಇಶಾ ಆದ ಮೇಲೆ ಗಂಡ ಹೆಂಡತಿ ಒಟ್ಟಿಗೆ ಕುಳಿತುಕೊಳ್ಳಿ. ಹಾಕಿದ ಹಣ ಯಾರದು, ಇಂದಿನ ಬೆಲೆ ಎಷ್ಟು, ಯಾರು ಯಾರನ್ನು ನಾವು ಇದಕ್ಕೆ ಸೇರಿಸಿದ್ದೇವೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಬಡ್ಡಿಯ ಸಾಲವಿದ್ದರೆ ಮೊದಲು ಅದನ್ನು ತೀರಿಸುವ ದಾರಿ ನೋಡಿ. ನಿಮ್ಮ ಮಾತು ನಂಬಿ ಕೊಂಡವರಿಗೆ ಇದ್ದ ಸ್ಥಿತಿಯನ್ನು ಇದ್ದಂತೆ ತಿಳಿಸಿ. ಆಮೇಲೆ ಇಟ್ಟುಕೊಳ್ಳುವಿರೋ ಮಾರುವಿರೋ, ಅದು ನಿಮಗೆ ಬಿಟ್ಟದ್ದು. ಮಾರಿದರೆ ನಷ್ಟವಾಗುವುದು ನಿಜ. ಆ ನಷ್ಟವನ್ನು ಒಪ್ಪಿಕೊಂಡು, ಹೆಂಡತಿಯ ಮುಂದೆ 'ತಪ್ಪಿದೆ' ಎಂದು ಹೇಳುವ ಆ ಕಷ್ಟದ ಗಳಿಗೆಗೇ ಸಬ್ರ್ ಬೇಕಾಗಿರುವುದು. ಅಂಥ ಸಬ್ರನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ.