ಮೂರ್ತಿ ಚಿಕ್ಕದಾದರೂ

ತೆಲಂಗಾಣದ ಸಿರ್ಗಾಪುರದಂಥ ಗಡಿಯೂರಿನಲ್ಲಿ ಒಂದು ಮಾತಿಗೆ ಮೂರು ಬಾಗಿಲು. ಎತ್ತರ ಕಡಿಮೆ ಇದ್ದವನನ್ನು ಕನ್ನಡದ ಮನೆಯಲ್ಲಿ ಗಿಡ್ಡ ಅನ್ನುತ್ತಾರೆ, ತೆಲುಗಿನ ಮನೆಯಲ್ಲಿ ಪೊಟ್ಟಿ, ಮರಾಠಿಯವರಲ್ಲಿ ಬುಟಕಾ. 1956ರವರೆಗೆ ಈ ಭಾಗದ ನಾರಾಯಣಖೇಡ, ಜಹೀರಾಬಾದ್ ಎರಡೂ ಬೀದರ ಜಿಲ್ಲೆಯಲ್ಲೇ ಇದ್ದವು. ಆಮೇಲೆ ಮೆದಕ್, ಈಗ ಸಂಗಾರೆಡ್ಡಿ. ಜಿಲ್ಲೆ ಬದಲಾಯಿತು, ಗಾದೆಗಳು ಮಾತ್ರ ಇದ್ದ ಮನೆಯಲ್ಲೇ ಉಳಿದವು. ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಅಂತ ಕನ್ನಡದಲ್ಲಿ. ‘ಮೂರ್ತಿ ಲಹಾನ್ ಪಣ ಕೀರ್ತಿ ಮಹಾನ್’ ಅಂತ ಮರಾಠಿಯಲ್ಲಿ, ಅಚ್ಚು ಅದೇ. ತೆಲುಗು ಬೇರೆ ದಾರಿ ಹಿಡಿದು ‘ಪಿಟ್ಟ ಕೊಂಚೆಂ, ಕೂತ ಘನಂ’ ಅನ್ನುತ್ತದೆ: ಹಕ್ಕಿ ಸಣ್ಣದು, ಕೂಗು ದೊಡ್ಡದು.

ಈ ಗಾದೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಕನ್ನಡ ಚಿತ್ರನಟ ದ್ವಾರಕೀಶ್ ಕಣ್ಣಮುಂದೆ ಬರುತ್ತಾರೆ. ಅವರನ್ನು ಇಟ್ಟುಕೊಂಡು ನೋಡಿದರೆ ಗಾದೆಯ ಒಂದೊಂದು ಪದವೂ ಬಿಚ್ಚಿಕೊಳ್ಳುತ್ತದೆ.

ಮೊದಲು ‘ಆದರೂ’. ಗಾದೆಯ ಮುಳ್ಳು ಇರುವುದು ಇಲ್ಲೇ. ಹೊಗಳುವ ಬಾಯಿ ಹೊಗಳುವ ಮೊದಲು ಆಳಿನ ಎತ್ತರ ಅಳೆಯುತ್ತದೆ, ಇಷ್ಟೇ ಇದ್ದಾನಲ್ಲ ಅಂದುಕೊಳ್ಳುತ್ತದೆ, ಆಮೇಲೆ ದೊಡ್ಡ ಮನಸ್ಸು ಮಾಡಿ ಕೀರ್ತಿ ಕೊಡುತ್ತದೆ. ಚಿಕ್ಕದಾಗಿರುವುದು ಒಂದು ಕೊರತೆ, ಅದನ್ನು ಕ್ಷಮಿಸಿದ್ದೇವೆ ಎಂಬ ಧಾಟಿ ಅದರಲ್ಲಿದೆ. ಶಾಲೆಯ ಸಾಲಿನಲ್ಲಿ ಯಾವಾಗಲೂ ಮುಂದೆ ನಿಲ್ಲಬೇಕಾದ ಹುಡುಗರಿಗೆ ಈ ‘ಆದರೂ’ ಎಷ್ಟು ಚುಚ್ಚುತ್ತದೆಂಬುದು ಗೊತ್ತು.

ದ್ವಾರಕೀಶ್ ಹುಟ್ಟಿದ್ದು 1942ರ ಆಗಸ್ಟ್ 19ರಂದು, ಹುಣಸೂರಿನಲ್ಲಿ. ಹೆಸರು ದ್ವಾರಕಾನಾಥ್. ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಅಲ್ಲೇ ವಾಹನಗಳ ಬಿಡಿಭಾಗ ಮಾರುವ ಅಂಗಡಿ ನಡೆಸಿದವರು. ಸೋದರಮಾವ ಹುಣಸೂರು ಕೃಷ್ಣಮೂರ್ತಿ ಚಿತ್ರ ನಿರ್ದೇಶಕರು. 1964ರ ‘ವೀರ ಸಂಕಲ್ಪ’ದಲ್ಲಿ ಸೋದರಳಿಯನಿಗೆ ಬಣ್ಣ ಹಚ್ಚಿಸಿದರು. ದ್ವಾರಕೀಶ್ ಎಂದು ಕರೆದವರು ಸಿ. ವಿ. ಶಿವಶಂಕರ್. ಆದರೆ ಜನ ಇಟ್ಟ ಹೆಸರು ಇನ್ನೊಂದಿತ್ತು, ಕುಳ್ಳ. ನಮ್ಮ ಕಡೆ ಆ ಪದ ಅಷ್ಟು ಬಳಕೆಯಲ್ಲಿಲ್ಲ. ಹಳೆ ಮೈಸೂರಿನವರು ಗಿಡ್ಡನಿಗೆ ಹೇಳುವ ಮಾತು ಅದು. ಇಡೀ ಕನ್ನಡನಾಡು ಅದನ್ನು ಕಲಿತದ್ದು ಇವರಿಂದ.

ಬೀದಿಯಲ್ಲಿ ಯಾರೋ ಹಿಂದಿನಿಂದ ಕೂಗುವ ಆ ಪದವನ್ನು ಅವರು ಪೋಸ್ಟರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿಬಿಟ್ಟರು. 1972ರಲ್ಲಿ ‘ಕುಳ್ಳ ಏಜೆಂಟ್ 000’. ರಾಜಕುಮಾರ್ ಆಗಲೇ ಸಿಐಡಿ 999 ಆಗಿ ಮೆರೆದಿದ್ದರು. ಒಂಬತ್ತುಗಳ ಎದುರಿಗೆ ಈತ ಮೂರು ಸೊನ್ನೆ ಹಾಕಿಕೊಂಡು ಬಂದ. ಹಿಂದಿಯ ಕಿಶೋರ್ ಕುಮಾರ್ ಕನ್ನಡದಲ್ಲಿ ಹಾಡಿದ್ದು ಈ ಸೊನ್ನೆಗಳ ಚಿತ್ರಕ್ಕೆ. 1975ರಲ್ಲಿ ‘ಕಳ್ಳ ಕುಳ್ಳ’, 1978ರಲ್ಲಿ ‘ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ’. ಆಜಾನುಬಾಹು ವಿಷ್ಣುವರ್ಧನ್ ಮತ್ತು ಅವರ ಭುಜದ ಕೆಳಗಿನ ಗೆಳೆಯ ಒಂದೇ ಶೀರ್ಷಿಕೆಯಲ್ಲಿ ಜೋಡಿಯಾಗಿ ನಿಂತು, ಕನ್ನಡ ಚಿತ್ರೀಕರಣವನ್ನು ಮೊದಲ ಬಾರಿಗೆ ವಿದೇಶಕ್ಕೆ ಕರೆದೊಯ್ದರು. ಆಮೇಲೆ 1984ರಲ್ಲಿ ‘ಪ್ರಚಂಡ ಕುಳ್ಳ’. ಈ ಎರಡು ಪದಗಳನ್ನು ಮತ್ತೊಮ್ಮೆ ಓದಿ. ಪೂರ್ತಿ ಗಾದೆ ಅದರಲ್ಲಿದೆ, ‘ಆದರೂ’ ಮಾತ್ರ ಇಲ್ಲ. ನನ್ನ ಮಟ್ಟಿಗೆ ದ್ವಾರಕೀಶರ ಬದುಕಿನ ದೊಡ್ಡ ಕೆಲಸ ಆ ಪದವನ್ನು ಕಿತ್ತುಹಾಕಿದ್ದೇ.

ಇನ್ನು ‘ಮೂರ್ತಿ’. ಮೂರ್ತಿ ಅಂದರೆ ಕಣ್ಣಿಗೆ ಕಾಣುವ ಆಕಾರ. 1985ರಲ್ಲಿ, ನಲವತ್ತು ದಾಟಿದ ಮೇಲೆ, ದ್ವಾರಕೀಶ್ ನಿರ್ದೇಶಕರಾದರು. ಮೊದಲ ಚಿತ್ರ ‘ನೀ ಬರೆದ ಕಾದಂಬರಿ’ ವಿಷ್ಣುವರ್ಧನ್–ಭವ್ಯಾರ ಪ್ರೇಮಕಥೆ. ಮರುವರ್ಷ ಅದೇ ಕಥೆಯನ್ನು ರಜನೀಕಾಂತ್, ಶ್ರೀದೇವಿಯರನ್ನು ಇಟ್ಟುಕೊಂಡು ‘ನಾನ್ ಅಡಿಮೈ ಇಲ್ಲೈ’ ಎಂದು ತಮಿಳಿನಲ್ಲಿ ತೆಗೆದರು. ‘ಆಫ್ರಿಕಾದಲ್ಲಿ ಶೀಲಾ’ ಬಂತು. 1987ರ ‘ಡ್ಯಾನ್ಸ್ ರಾಜಾ ಡ್ಯಾನ್ಸ್’ ವಿನೋದ್ ರಾಜ್ ಎಂಬ ಹೊಸ ಹುಡುಗನ ಕಾಲಿನ ಮೇಲೆ ನಿಂತಿತು. 1990ರ ‘ಶ್ರುತಿ’ ಒಬ್ಬ ನಟಿಗೆ ಚಿತ್ರದ ಹೆಸರನ್ನೇ ಬಾಳಿನ ಹೆಸರಾಗಿ ಕೊಟ್ಟಿತು. ಇವುಗಳಲ್ಲಿ ಯಾವುದರ ಹೆಸರಲ್ಲೂ ಕುಳ್ಳನಿಲ್ಲ. ಕ್ಯಾಮೆರಾದ ಹಿಂದೆ ನಿಂತವನ ಎತ್ತರವನ್ನು ಯಾರೂ ಕೇಳುವುದಿಲ್ಲ. ತನ್ನ ಆಕಾರವನ್ನೇ ಬಂಡವಾಳ ಮಾಡಿಕೊಂಡು ಬೆಳೆದ ಮನುಷ್ಯ, ಆ ಆಕಾರ ಕಾಣದ ಜಾಗದಲ್ಲೂ ಕೆಲಸ ಮಾಡಿ ತೋರಿಸಿದ್ದು ನನಗೆ ತುಂಬ ಹಿಡಿಸುತ್ತದೆ. ನಗಿಸಿದ್ದಕ್ಕಾಗಿ ಅವರನ್ನು ನೆನೆಯುವವರು ಬಹಳ. ಕ್ಯಾಮೆರಾದ ಹಿಂದಿನ ಕೆಲಸಕ್ಕೆ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ.

ಕೊನೆಗೆ ‘ಕೀರ್ತಿ’. ಕೀರ್ತಿ, ಕೀರ್ತನೆ ಒಂದೇ ಬೇರಿನ ಪದಗಳು. ನಾಲ್ಕು ಜನ ಬಾಯಲ್ಲಿ ಹೇಳುವುದು ಅಂತ ಅರ್ಥ. ಅಂದಮೇಲೆ ಅದು ಇರುವುದು ಬೇರೆಯವರ ನಾಲಿಗೆಯ ಮೇಲೆ, ನಮ್ಮ ಪೆಟ್ಟಿಗೆಯಲ್ಲಲ್ಲ. 1969ರಲ್ಲಿ, ಇಪ್ಪತ್ತೇಳರ ವಯಸ್ಸಿಗೇ, ರಾಜಕುಮಾರ್ ನಾಯಕರಾದ ‘ಮೇಯರ್ ಮುತ್ತಣ್ಣ’ಕ್ಕೆ ಹಣ ಹಾಕಿ ಗೆದ್ದವರು ದ್ವಾರಕೀಶ್, ಸಿದ್ಧಲಿಂಗಯ್ಯ ನಿರ್ದೇಶಕರಾದದ್ದು ಆ ಚಿತ್ರದಿಂದಲೇ. ಮುಂದೆ ಸೋಲಿನ ಮೇಲೆ ಸೋಲು ಬಂದಾಗ ಮನೆಗಳನ್ನೇ ಮಾರಿದರು. ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಕಳೆದುಕೊಂಡದ್ದನ್ನು ಕಳೆದುಕೊಂಡ ಜಾಗದಲ್ಲೇ ಹುಡುಕುವ ಹಟ ಅವರದು. ವಿಷ್ಣುವರ್ಧನ್ ಜೊತೆಗಿನ ಮುನಿಸು ಮುರಿದು 2004ರಲ್ಲಿ ‘ಆಪ್ತಮಿತ್ರ’ ಕಟ್ಟಿದರು. ನಾಯಕಿ ಸೌಂದರ್ಯ ಏಪ್ರಿಲ್ 17ರಂದು, ಚುನಾವಣಾ ಪ್ರಚಾರಕ್ಕೆಂದು ನಮ್ಮ ತೆಲಂಗಾಣದ ಕರೀಂನಗರಕ್ಕೆ ಹೊರಟ ವಿಮಾನ ಬೆಂಗಳೂರಿನಲ್ಲೇ ಬಿದ್ದು ತೀರಿಕೊಂಡರು. ಚಿತ್ರ ತೆರೆಗೆ ಬಂದದ್ದು ಆಗಸ್ಟಿನಲ್ಲಿ. ದ್ವಾರಕೀಶ್ ಮತ್ತೆ ತಲೆ ಎತ್ತಿದರು, ಆ ಗೆಲುವಿನೊಳಗೆ ಈ ಸಾವೂ ಇತ್ತು.

2024ರ ಏಪ್ರಿಲ್ 16ರಂದು, ಎಂಬತ್ತೊಂದನೇ ವಯಸ್ಸಿನಲ್ಲಿ, ಅವರೂ ಹೋದರು. ಅದಕ್ಕೆ ಮೂರು ವರ್ಷ ಹಿಂದೆ ಅವರ ಪತ್ನಿ ತೀರಿಕೊಂಡದ್ದೂ ಅದೇ ಏಪ್ರಿಲ್ 16ರಂದು.

ತೆಲುಗಿನ ಹಕ್ಕಿಯ ಮಾತು ಉಳಿಯಿತು. ಮೂರ್ತಿಯ ಕೀರ್ತಿಯನ್ನು ಮಂದಿ ಹಾಡಬೇಕು. ಹಕ್ಕಿಯಾದರೆ ತಾನೇ ಕೂಗುತ್ತದೆ, ಅದನ್ನು ನೋಡದವರ ಕಿವಿಗೂ ಆ ಕೂಗು ಬೀಳುತ್ತದೆ. ‘ಆಪ್ತಮಿತ್ರ’ ತೆಗೆದ ಪಿ. ವಾಸು 2005ರಲ್ಲಿ ರಜನೀಕಾಂತರನ್ನು ಹಾಕಿ ‘ಚಂದ್ರಮುಖಿ’ ಮಾಡಿದರು, ಅದು ತೆಲುಗಿಗೂ ಬಂತು. ಈ ಕಡೆಯ ತೆಲುಗು ಗೆಳೆಯರಿಗೆ ಆ ಚಿತ್ರ ಬಾಯಿಪಾಠ. ಮಲಯಾಳದಲ್ಲಿ ಹುಟ್ಟಿದ ಆ ಕಥೆಯನ್ನು ಅದಕ್ಕೂ ಮೊದಲೇ ನಂಬಿ, ಇದ್ದದ್ದನ್ನೆಲ್ಲ ಪಣಕ್ಕಿಟ್ಟವನು ಹುಣಸೂರಿನ ಒಬ್ಬ ಗಿಡ್ಡ ಮನುಷ್ಯ ಅಂತ ಹೇಳಿದರೆ ಅವರು ಅಚ್ಚರಿಯಿಂದ, ಪೊಟ್ಟೋಡು ಎಂದು ಏಕವಚನದಲ್ಲಿ ಅನ್ನದೆ, ‘ಎವರು ಆ ಪೊಟ್ಟಾಯನ?’ ಎಂದು ಕೇಳುತ್ತಾರೆ.