ಕೌಶಿಕನ ಸತ್ಯ, ಸೇನೆಯ ನಕ್ಷೆ

ಸುಳ್ಳಾಡೆನೆಂದು ವ್ರತ ತೊಟ್ಟ ಕೌಶಿಕನ ಕಥೆಯನ್ನು ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣ ಅರ್ಜುನನಿಗೆ ಹೇಳುತ್ತಾನೆ. ದರೋಡೆಕೋರರು ಕೇಳಿದರೆಂದು ಜನ ಅಡಗಿದ ದಿಕ್ಕನ್ನು ಕೌಶಿಕ ತೋರಿಸಿದ. ಅಡಗಿದ್ದವರು ಕೊಲೆಯಾದರು, ಕೌಶಿಕ ನರಕಕ್ಕೆ ಹೋದ. ಒಂದು ದೇಶದ ಸೇನೆ ಹೊರನಾಡುಗಳಲ್ಲಿ ಎಲ್ಲೆಲ್ಲಿ ಬೀಡುಬಿಟ್ಟಿದೆ ಎಂದು ನಿಖರವಾಗಿ ಗುರುತಿಸಿ ಜನರ ಮುಂದಿಡುವುದು ಧರ್ಮವೇ ಎಂಬ ಪ್ರಶ್ನೆಗೆ ಈ ಕಥೆಯೇ ಸಿದ್ಧ ಉತ್ತರದಂತೆ ಕಾಣುತ್ತದೆ. ಆದರೆ ಕೇಳಿದವರು ಯಾರು, ಆ ಗಳಿಗೆಯಲ್ಲಿ ಅವರಿಗೆ ಬೇಕಾಗಿದ್ದುದು ಏನು ಎಂಬುದನ್ನು ಮರೆತು ಈ ಕಥೆಯನ್ನು ಉಲ್ಲೇಖಿಸಿದರೆ ಎಲ್ಲ ಬಗೆಯ ಮುಚ್ಚುಮರೆಗೂ ಕೃಷ್ಣನ ಮುದ್ರೆ ಬಿದ್ದಂತಾಗುತ್ತದೆ. ಅದು ಕಥೆಗೆ ಮಾಡುವ ಅನ್ಯಾಯ.

ಹಿಂಸೆಯ ಹೊಣೆಯನ್ನು ಜೈನ ಆಚಾರ್ಯರೂ ಪತಂಜಲಿಯೂ ಮೂರು ಬಗೆಯಾಗಿ ಕಂಡಿದ್ದಾರೆ: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು. ಸೈನಿಕನನ್ನು ಹೊರದೇಶಕ್ಕೆ ಕಳಿಸುವುದು ಸರ್ಕಾರವಾದರೂ ಸಂಬಳ ಹೋಗುವುದು ತೆರಿಗೆ ಹಣದಿಂದ. ಉತ್ತರ ಕನ್ನಡದ ರಾಮನಗುಳಿಯ ಅಡಿಕೆ ತೋಟದವನು ಅಂಗಡಿಯಲ್ಲಿ ಸಾಬೂನು ಕೊಂಡಾಗ ಕೊಡುವ ತೆರಿಗೆಯಲ್ಲೂ ಅದರ ಒಂದು ಚೂರು ಇರುತ್ತದೆ. ಗೊತ್ತಿಲ್ಲದೆ ಕೊಟ್ಟದ್ದು ಒಪ್ಪಿಗೆಯೇ ಅಲ್ಲ, ಆದ್ದರಿಂದ ಪಾಪವೂ ಅಂಟದು ಎಂದು ವಾದಿಸಬಹುದು. ಹಾಗಾದರೆ ಸೇನೆ ಹೋದದ್ದು ಯಾರ ಒಪ್ಪಿಗೆಯ ಮೇಲೆ? ಒಪ್ಪಿಗೆ ಇದೆ ಎಂದು ಹೇಳಿಕೊಳ್ಳುವ ಸರ್ಕಾರ ವಿಷಯವನ್ನೂ ತಿಳಿಸಬೇಕಾಗುತ್ತದೆ. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ಭಾರತದ ಶಾಂತಿಪಾಲನಾ ಪಡೆ 1,100ಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತು. ಆ ಪಡೆ ಅಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿದ್ದರಿಂದಲೇ ಅದರ ಸರಿ ತಪ್ಪುಗಳನ್ನು ದೇಶ ಚರ್ಚಿಸಲು ಸಾಧ್ಯವಾಯಿತು.

ನೆಲೆಗಳನ್ನು ಮುಚ್ಚಿಟ್ಟರೆ ನಿಜವಾಗಿ ಯಾರಿಂದ ಮುಚ್ಚಿಟ್ಟಂತೆ? ರಾಮನಗುಳಿಯಿಂದ ಹೆದ್ದಾರಿಯಲ್ಲಿ ಅಂಕೋಲೆಗೆ ಇಳಿದು ಕಾರವಾರದತ್ತ ಹೋದರೆ ಇದಕ್ಕೆ ಉತ್ತರ ಸಮುದ್ರದಲ್ಲೇ ಇದೆ. ಇಂದು ಸೀಬರ್ಡ್ ನೌಕಾನೆಲೆಯ ಅಲೆತಡೆಗೋಡೆ ದಡಕ್ಕೆ ಜೋಡಿಸಿರುವ ಅಂಜುದೀವ ಶತಮಾನಗಳ ಕಾಲ ಪರದೇಶದ ಸೇನೆಗಳ ತಾಣವಾಗಿತ್ತು. ಮದುವೆಯ ಒಪ್ಪಂದದಲ್ಲಿ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ದೊರೆತ ಮುಂಬಯಿಯನ್ನು ವಶಕ್ಕೆ ಪಡೆಯಲು 1662ರಲ್ಲಿ ಬಂದ ಅಬ್ರಹಾಂ ಶಿಪ್‌ಮನ್‌ನ ಪಡೆಗೆ ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ಸೈನಿಕರು ಈ ಪುಟ್ಟ ನಡುಗಡ್ಡೆಯಲ್ಲಿ ಇಳಿದು ಕಾದರು. ಕಾಯುತ್ತಲೇ ಬಹುಪಾಲು ಮಂದಿ ಸತ್ತರು, ಶಿಪ್‌ಮನ್ ಕೂಡ. 1665ರಲ್ಲಿ ಮುಂಬಯಿ ಕೈಗೆ ಬಂದಾಗ ಉಳಿದವರು ನೂರರ ಆಸುಪಾಸು. ಮುಂದೆ 1961ರ ನವೆಂಬರಿನಲ್ಲಿ ಅಂಜುದೀವದ ಪೋರ್ಚುಗೀಸ್ ಪಡೆ ಭಾರತದ ಹಡಗಿನ ಮೇಲೂ ಮೀನುಗಾರರ ಮೇಲೂ ಗುಂಡು ಹಾರಿಸಿತು. ಡಿಸೆಂಬರ್ 18ರಂದು ನಡುಗಡ್ಡೆಯನ್ನು ವಶಪಡಿಸಿಕೊಳ್ಳಲು ಹೋದ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ಕೊಟ್ಟರು. ಕಾರವಾರದ ಬೈತಖೋಲದಲ್ಲಿ ಬಲೆ ಬೀಸುವವನಿಗೆ ಆ ನೆಲೆ ಎಲ್ಲಿದೆಯೆಂದು ಯಾವ ನಕ್ಷೆಯೂ ತೋರಿಸಬೇಕಿರಲಿಲ್ಲ. ತನ್ನ ಹೆಸರಿನಲ್ಲಿ ಅಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯಬೇಕಾಗಿದ್ದವನು ಸರ್ವಾಧಿಕಾರಿ ಸಲಜಾರನ ಸೆನ್ಸಾರಿನ ಕೆಳಗೆ ಪತ್ರಿಕೆ ಓದುತ್ತಿದ್ದ ಪೋರ್ಚುಗಲ್ಲಿನ ಪ್ರಜೆ. ನೆರೆಯವನಿಗೂ ಶತ್ರುವಿಗೂ ಗೊತ್ತಿರುವ ಗುಟ್ಟು ಹಣ ಕೊಡುವವನಿಗೆ ಮಾತ್ರ ಗುಟ್ಟಾಗಿ ಉಳಿಯುತ್ತದೆ.

ನಕ್ಷೆಯಿಂದ ಸೈನಿಕನ ಜೀವಕ್ಕೆ ಕುತ್ತು ಬಾರದೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಓಟ ಲೆಕ್ಕಹಾಕುವ ಸ್ಟ್ರಾವಾ ಆ್ಯಪ್ ಪ್ರಕಟಿಸಿದ ನಕ್ಷೆಯಲ್ಲಿ ಸೈನಿಕರು ನೆಲೆಗಳೊಳಗೆ ದಿನವೂ ಓಡುವ ಹಾದಿಗಳೇ ಬೆಳಗಿ ನಿಂತದ್ದು 2018ರ ಜನವರಿಯಲ್ಲಿ ಬಯಲಾಯಿತು. ಕೌಶಿಕ ತೋರಿಸಿದ್ದು ಇಂಥ ದಾರಿಯನ್ನೇ, ಇದನ್ನು ಮುಚ್ಚಿಡಲೇಬೇಕು. ಆದರೆ ಯಾವ ದೇಶದಲ್ಲಿ, ಯಾವ ಒಪ್ಪಂದದಡಿ, ಸುಮಾರು ಎಷ್ಟು ಮಂದಿ ಎಂಬುದು ಬೇರೆ ಮಾತು. ಜರ್ಮನಿ, ಜಪಾನುಗಳಲ್ಲಿರುವ ತನ್ನ ಸೈನಿಕರ ಸಂಖ್ಯೆಯನ್ನು ಅಮೆರಿಕ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಅದೇ ಅಮೆರಿಕದ ನಾಲ್ವರು ಸೈನಿಕರು 2017ರ ಅಕ್ಟೋಬರಿನಲ್ಲಿ ನೈಜರ್‌ನಲ್ಲಿ ಸತ್ತಾಗ, ಅಲ್ಲಿ ಅಷ್ಟು ಸೈನ್ಯವಿದೆಯೆಂದು ತಮಗೇ ತಿಳಿದಿರಲಿಲ್ಲ ಎಂದು ಸೆನೆಟರ್‌ಗಳೇ ಹೇಳಿದರು. ಯುದ್ಧ ಘೋಷಿಸುವ ಅಧಿಕಾರವುಳ್ಳ ಸಭೆಯ ಗತಿ ಇದು! ನಮ್ಮದೂ ಪರೀಕ್ಷೆಗೆ ಹೊರತಲ್ಲ. ಮಾರಿಷಸ್ಸಿನ ಅಗಾಲೆಗಾ ದ್ವೀಪದಲ್ಲಿ ಭಾರತ ಕಟ್ಟಿಕೊಟ್ಟ ವಿಮಾನ ಓಡುದಾರಿ, ಧಕ್ಕೆಗಳು 2024ರ ಫೆಬ್ರವರಿ 29ರಂದು ಉದ್ಘಾಟನೆಯಾದವು. ಅದು ಸೇನಾನೆಲೆಯಲ್ಲ ಎಂದು ಮಾರಿಷಸ್ ಹೇಳುತ್ತ ಬಂದಿದೆ. ಆ ಮಾತು ನಿಜವೆಂದೇ ಇಟ್ಟುಕೊಳ್ಳೋಣ. ಆಗಲೂ ಹೊರದೇಶಗಳಲ್ಲಿರುವ ನಮ್ಮ ಯೋಧರ ದೇಶವಾರು ಪಟ್ಟಿ ವರ್ಷಕ್ಕೊಮ್ಮೆ ಸಂಸತ್ತಿನ ಮುಂದೆ ಬರಲಿ. ಅದನ್ನು ಕೇಳಬೇಕಾದವರು ನಾವು ಆರಿಸಿ ಕಳಿಸಿದ ಸಂಸದರು. ಮುಂದಿನ ಸಲ ಮತ ಕೇಳಲು ಬಂದಾಗ ಈ ಪ್ರಶ್ನೆಯನ್ನು ಅವರ ಮುಂದಿಡಿ.