ಇಂದಿನ ಧಮ್ಮಚಿಂತನೆ: ಮಗುವಿಗೆ ಎಷ್ಟು ಸತ್ಯ ಹೇಳಬೇಕು?

 

ಕಹಿಯಾದ ಸಂಗತಿ ಮಕ್ಕಳ ಕಿವಿಗೆ ಬೀಳಬಾರದು ಎಂದು ನಮ್ಮಲ್ಲಿ ಬಹಳ ಜನ ನಂಬುತ್ತೇವೆ. ಶುದ್ಧೋದನನೂ ಹಾಗೇ ನಂಬಿದ್ದ. ಮುಪ್ಪು, ರೋಗ, ಸಾವು ಮಗನ ಕಣ್ಣಿಗೆ ಬೀಳದಂತೆ ನೋಡಿಕೊಂಡ ಎಂದು ಕಥೆ ಹೇಳುತ್ತದೆ. ಅದು ಬಹಳ ಕಾಲ ನಡೆಯಲಿಲ್ಲ. ಹಾಗಾದರೆ ಎಷ್ಟು ಹೇಳಬೇಕು, ಯಾವಾಗ, ಹೇಗೆ?

ಮಜ್ಝಿಮ ನಿಕಾಯದ ಅಭಯರಾಜಕುಮಾರ ಸುತ್ತದಲ್ಲಿ ಇದಕ್ಕೊಂದು ದಾರಿ ಇದೆ. ಕೇಳುವವರಿಗೆ ಅಪ್ರಿಯವಾದ ಮಾತನ್ನು ತಾವು ಆಡುತ್ತೀರಾ ಎಂದು ಅಭಯ ಬುದ್ಧರನ್ನು ಕೇಳುತ್ತಾನೆ. ಅವನ ತೊಡೆಯ ಮೇಲೆ ಹಸುಗೂಸೊಂದು ಮಲಗಿರುತ್ತದೆ. ಈ ಮಗು ಕಡ್ಡಿಯನ್ನೋ ಹರಳನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುವೆ ಎಂದು ಬುದ್ಧರು ಕೇಳುತ್ತಾರೆ. ಎಡಗೈಯಲ್ಲಿ ತಲೆ ಹಿಡಿದು, ಬಲಗೈ ಬೆರಳು ಹಾಕಿ, ರಕ್ತ ಬಂದರೂ ತೆಗೆಯುತ್ತೇನೆ, ಮಗುವಿನ ಮೇಲೆ ಕರುಣೆ ಇದೆಯಲ್ಲ ಎನ್ನುತ್ತಾನೆ ಅಭಯ. ತಥಾಗತರ ಮಾತೂ ಹಾಗೆಯೇ. ನಿಜವೇ, ಹಿತವೇ ಎಂದು ನೋಡುತ್ತಾರೆ. ಎರಡೂ ಹೌದಾದರೆ, ಅಪ್ರಿಯವಾದರೂ ಸರಿಯಾದ ಹೊತ್ತು ಅರಿತು ಆಡುತ್ತಾರೆ.

ಕಳೆದ ಬೇಸಿಗೆ ರಜೆಯಲ್ಲಿ ಈ ಸುತ್ತ ನನಗೆ ಮತ್ತೆ ಮತ್ತೆ ನೆನಪಾಯಿತು. ನಾವಿರುವ ಅಟ್ಲಾಂಟಾದಿಂದ ಹತ್ತು ವರ್ಷದ ಮಗಳನ್ನು ಕರೆದುಕೊಂಡು ಅಲಬಾಮಾ ರಾಜ್ಯದ ಮಾಂಟ್ಗೊಮರಿ ಮತ್ತು ಸೆಲ್ಮಾಗೆ ಕಾರಿನಲ್ಲಿ ಹೋಗಿದ್ದೆವು. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಸೀಟು ಬಿಟ್ಟುಕೊಡಲು ಒಪ್ಪದ ಊರು ಮಾಂಟ್ಗೊಮರಿ. ಆಮೇಲೆ ಅಲ್ಲಿನ ಕಪ್ಪು ಜನಾಂಗದವರು 381 ದಿನ ಬಸ್ಸುಗಳನ್ನು ಬಹಿಷ್ಕರಿಸಿದರು. ಅದೇ ಊರಲ್ಲಿ 2018ರಲ್ಲಿ ತೆರೆದ ಒಂದು ಸ್ಮಾರಕವಿದೆ. 1877ರಿಂದ 1950ರ ನಡುವೆ ಬಿಳಿಯರ ಗುಂಪುಗಳು ಕೊಂದ 4,400ಕ್ಕೂ ಹೆಚ್ಚು ಜನರ ನೆನಪಿಗೆ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳು. ಮೊದಲು ಅವು ಕಣ್ಣಿನ ಮಟ್ಟದಲ್ಲಿರುತ್ತವೆ. ಮುಂದೆ ಹೋದಂತೆ ನೆಲ ಇಳಿಯುತ್ತದೆ, ಕಂಬಗಳು ತಲೆಯ ಮೇಲೆ ತೂಗುತ್ತವೆ. ಮಗಳು ನನ್ನ ಕೈ ಬಿಗಿಯಾಗಿ ಹಿಡಿದಳು. ಅಭಯನ ಎಡಗೈಯ ಅರ್ಥ ನನಗೆ ಹೊಳೆದದ್ದು ಅಲ್ಲಿ. ಸತ್ಯ ಹೇಳಿ ಮಗುವನ್ನು ಅದರ ಜೊತೆ ಒಂಟಿಯಾಗಿ ಬಿಡುವುದು ಕರುಣೆಯಲ್ಲ. ಹೇಳಿದವರು ಜೊತೆಗೇ ನಿಲ್ಲಬೇಕು.

ಸೆಲ್ಮಾದ ಸೇತುವೆಯ ಮೇಲೆ ಅವಳು ಕೇಳಿದಳು: "ಅಮ್ಮ, ಆಗ ನಾವಿದ್ದಿದ್ರೆ ಬಸ್ಸಲ್ಲಿ ಎಲ್ಲಿ ಕೂರ್ತಿದ್ವಿ?"

ಇದ್ದದ್ದನ್ನು ಹೇಳಿದೆ. ಅಮೆರಿಕದ ಸೈನ್ಯದಲ್ಲಿ ದುಡಿದ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ, ನೀನು ಬಿಳಿಯನಲ್ಲ, ಪೌರತ್ವ ಇಲ್ಲ ಎಂದು ಇಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪು ಕೊಟ್ಟಿತ್ತು. 1965ರ ಮಾರ್ಚ್ 7ರಂದು ಮತದ ಹಕ್ಕಿಗಾಗಿ ಈ ಸೇತುವೆ ದಾಟಿದವರನ್ನು ಪೊಲೀಸರು ಲಾಠಿಯಿಂದ ಹೊಡೆದರು. ಅದೇ ವರ್ಷ ಆಗಸ್ಟ್‌ನಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂತು, ಅಕ್ಟೋಬರ್‌ನಲ್ಲಿ ವಲಸೆ ಕಾನೂನು ಬದಲಾಗಿ ನಮ್ಮಂಥವರಿಗೂ ಬಾಗಿಲು ತೆರೆಯಿತು. ನಾವು ಈ ದೇಶದಲ್ಲಿರುವುದರ ಹಿಂದೆ ಆ ಚಳವಳಿಯೂ ಒಂದು ಕಾರಣ. ಪ್ರತೀತ್ಯ ಸಮುತ್ಪಾದವನ್ನು ಮಗುವಿಗೆ ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ.

ಮುಂದಿನ ಪ್ರಶ್ನೆ ಕಷ್ಟದ್ದು. "ನಮ್ಮೂರಲ್ಲಿ ಹೀಗೆಲ್ಲ ಇರ್ಲಿಲ್ಲ ಅಲ್ವಾ?"

ಬೇರೆಯವರ ಪಾಪದ ಕಥೆ ಹೇಳುವುದು ಸುಲಭ. ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕಪ್ಪು ಜನರ ಸ್ಥಿತಿಗೂ ಬಹಳ ಹೋಲಿಕೆ ಇದೆ ಎಂದು ಬಾಬಾಸಾಹೇಬರು 1946ರಲ್ಲೇ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. ನಮ್ಮೂರಿನ ಬಾವಿಯ ಸಂಗತಿ ಹೇಳಿದೆ. ಕೇರಿಯವರು ಹಗ್ಗ ಮುಟ್ಟುವಂತಿರಲಿಲ್ಲ. ಕೊಡ ಇಟ್ಟು ದೂರ ನಿಂತು, ಯಾರಾದರೂ ಸೇದಿ ಹಾಕುವವರೆಗೆ ಕಾಯಬೇಕಿತ್ತು. ಹಾಗೆ ಮೇಲಿಂದ ನೀರು ಹೊಯ್ಯುತ್ತಿದ್ದವರಲ್ಲಿ ಅವಳ ಮುತ್ತಜ್ಜಿಯೂ ಒಬ್ಬರು.

"ಮುತ್ತಜ್ಜಿ ಕೆಟ್ಟವರಾ?"

ಮುತ್ತಜ್ಜಿ ನನ್ನನ್ನು ಎತ್ತಿ ಆಡಿಸಿದವರು. ಆ ಪ್ರೀತಿ ನಿಜ, ಬಾವಿಯೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ, ಅನ್ಯಾಯ ಮಾಡುವವರೆಲ್ಲ ರಾಕ್ಷಸರು, ನಮ್ಮ ಮನೆಯವರಲ್ಲ ಎಂದು ಮಗು ಕಲಿಯುತ್ತದೆ. ಆಗ ತನ್ನೊಳಗಿನ ಅವಿದ್ಯೆ ಅದಕ್ಕೆ ಕಾಣುವುದೇ ಇಲ್ಲ. ಮುತ್ತಜ್ಜಿಯ ಕಮ್ಮ ಮಗಳ ತಲೆಗೆ ಬರುವುದಿಲ್ಲ, ಆ ಹೊರೆ ಹೊರಿಸುವುದು ಬೇಡ. ಅವಳ ಸರದಿ ಬಂದಾಗ ಕೊಡ ಹಿಡಿದು ನಿಂತವರನ್ನು ಅವಳು ಹೇಗೆ ಕಾಣುತ್ತಾಳೆ ಎಂಬುದಷ್ಟೇ ಅವಳದು.

ಇಂದಿನ ಅಭ್ಯಾಸ: ನಮ್ಮ ಮನೆಯಲ್ಲಿ ಮಕ್ಕಳಿಗೆ ಹೇಳದೆ ಬಿಟ್ಟ ಒಂದು ನಿಜವನ್ನು ನೆನೆಯೋಣ. ಅದು ಹಿತವೇ, ಹೊತ್ತು ಬಂದಿದೆಯೇ, ಹೇಳಿದ ಮೇಲೆ ಜೊತೆಗೆ ಕೂರಲು ನಮಗೆ ಬಿಡುವಿದೆಯೇ ಎಂದು ನೋಡಿಕೊಳ್ಳೋಣ.

ಎಲ್ಲರಿಗೂ ಮಂಗಳವಾಗಲಿ 🙏